ಒಂದೇ ಪಡಸಾಲೆ, ಮೂರು ವಯಸ್ಸು

ಮನೆಯಲ್ಲಿ ನಡೆಸುವ ಶಿಶುಪಾಲನೆಯ ಕುರಿತು ಕೆಲವು ಅನುಭವದ ಮಾತುಗಳು

ಹಿಂದಿನ ಅವಿಭಕ್ತ ಕುಟುಂಬಗಳಲ್ಲಿ ಕೂಸನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ತಾಯಿ ಹೊಲಕ್ಕೆ ಹೋದರೆ ಅಜ್ಜಿ ತೊಟ್ಟಿಲು ತೂಗುತ್ತಿದ್ದಳು. ಅಜ್ಜಿ ಒಲೆಯ ಮುಂದೆ ಕುಳಿತರೆ ದೊಡ್ಡವ್ವ, ಚಿಗವ್ವಂದಿರು ಎತ್ತಿಕೊಳ್ಳುತ್ತಿದ್ದರು. ತೊಟ್ಟಿಲ ಕೂಸು, ಅಂಬೆಗಾಲಿನ ಮಗು, ಅಂಗಳದಲ್ಲಿ ಆಡುವ ನಾಲ್ಕು ವರ್ಷದವರು ಎಲ್ಲರೂ ಒಂದೇ ಪಡಸಾಲೆಯಲ್ಲಿ ಬೆಳೆದರು. ಆ ಮನೆಗಳನ್ನು ನೆನೆದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಆ ಚಿತ್ರದ ಒಂದು ಮೂಲೆಯನ್ನು ನಾವು ಸಾಮಾನ್ಯವಾಗಿ ನೋಡುವುದಿಲ್ಲ. ಅಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ಶಾಲೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಕೂಸು ಬೆಳೆಯಿತು, ನಿಜ. ಆ ಹುಡುಗಿಯ ಅಕ್ಷರಾಭ್ಯಾಸ ಅಲ್ಲಿಗೇ ನಿಂತಿತು.

ಇಂದು ಮನೆಗಳು ಚಿಕ್ಕವಾಗಿವೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಅಜ್ಜಿ ಊರಿನಲ್ಲಿದ್ದಾಳೆ, ಇಲ್ಲವೆ ಅವಳಿಗೇ ಮೊಣಕಾಲು ನೋವು. ಹೀಗಾಗಿ ಓಣಿಯಲ್ಲಿ ಒಂದು ಮನೆ, ಆ ಮನೆಯಲ್ಲಿ ಇಬ್ಬರು ಹೆಂಗಸರು, ಅವರ ಸುತ್ತ ಬೇರೆ ಬೇರೆ ವಯಸ್ಸಿನ ಐದಾರು ಮಕ್ಕಳು ಎಂಬ ಹೊಸ ಏರ್ಪಾಟು ನಮ್ಮ ಊರುಗಳಲ್ಲಿ ಬೆಳೆಯುತ್ತಿದೆ. ಅಂಥದೊಂದು ಮನೆ ನಮ್ಮದೂ ಆಗಿದೆ. ಧಾರವಾಡದಲ್ಲಿ ಅತ್ತೆ ಸೊಸೆಯರಾದ ನಾವಿಬ್ಬರು 2018ರ ಜೂನ್ ತಿಂಗಳಿನಿಂದ ಇದನ್ನು ನಡೆಸಿಕೊಂಡು ಬಂದಿದ್ದೇವೆ. ನಮ್ಮಲ್ಲಿ ಒಬ್ಬರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಇನ್ನೊಬ್ಬರು ತಮ್ಮ ಎರಡು ಮಕ್ಕಳನ್ನು ಸಾಕುತ್ತಲೇ ಈ ಕೆಲಸವನ್ನು ಕಲಿತವರು. ಮಕ್ಕಳ ಬಾಯಲ್ಲಿ ನಾವು ‘ಆಯಿ’ ಮತ್ತು ‘ಕಾಕು’. ಇಂಥ ಕೆಲಸಕ್ಕೆ ಕೈಹಾಕಬೇಕೆಂದಿರುವ ಸಹೋದರಿಯರಿಗೂ, ತಮ್ಮ ಕೂಸನ್ನು ಇಂಥ ಮನೆಯಲ್ಲಿ ಬಿಡಬೇಕಾಗಿ ಬಂದ ತಾಯಂದಿರಿಗೂ ನಮ್ಮ ಅನುಭವ ಉಪಯೋಗವಾದೀತೆಂಬ ಆಸೆಯಿಂದ ಈ ಮಾತುಗಳನ್ನು ಬರೆಯುತ್ತಿದ್ದೇವೆ. ನಮ್ಮಿಂದ ಆದ ತಪ್ಪನ್ನೂ ಮುಚ್ಚಿಟ್ಟಿಲ್ಲ.

ಆರು ತಿಂಗಳ ಕೂಸು ಏಕೆ ಬರುತ್ತದೆ?

2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿಯಾಗಿ, ಮೊದಲ ಎರಡು ಹೆರಿಗೆಗಳಿಗೆ ರಜೆಯ ಅವಧಿ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕೂ ಹೆಚ್ಚು ಜನರು ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂಬ ನಿಯಮವೂ ಆಗಲೇ ಸೇರಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಲೆಕ್ಕ ಹಾಕಿ ನೋಡಿರಿ: ಆ 26 ವಾರಗಳಲ್ಲಿ ಎಂಟು ವಾರಗಳನ್ನು ಹೆರಿಗೆಗೆ ಮೊದಲೇ ಬಳಸಿಕೊಂಡ ತಾಯಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು. ಕೂಸಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ ಎನ್ನುತ್ತದೆ ವೈದ್ಯಶಾಸ್ತ್ರ. ಅಷ್ಟರೊಳಗೆ ತಾಯಿ ಕಚೇರಿಗೆ ಹೊರಡಬೇಕಾಗುತ್ತದೆ. ಚಿಕ್ಕ ಅಂಗಡಿ, ಖಾಸಗಿ ಶಾಲೆ, ಸಣ್ಣ ಆಸ್ಪತ್ರೆಗಳಲ್ಲಿ ದುಡಿಯುವವರಿಗಂತೂ ಕೆಲಸದ ಜಾಗದಲ್ಲಿ ತೊಟ್ಟಿಲು ಕಟ್ಟುವವರಿಲ್ಲ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ನಮ್ಮ ಹಳ್ಳಿ ಹಳ್ಳಿಗೂ ಬಂದವು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಆಟ ಪಾಠಗಳಿವೆ, ಊಟವಿದೆ. ಮೂರು ವರ್ಷದೊಳಗಿನ ಕೂಸಿಗೆ ಪೌಷ್ಟಿಕ ಆಹಾರ ಸಿಗುತ್ತದೆ. ಆದರೆ ದಿನವಿಡೀ ಅದನ್ನು ನೋಡಿಕೊಳ್ಳುವ ಮಡಿಲು ಬಹುತೇಕ ಕಡೆ ಇಲ್ಲ. ಈ ಕೊರತೆಯನ್ನು ಮನಗಂಡು 2023ರಲ್ಲಿ ಕರ್ನಾಟಕ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಕೇಂದ್ರಗಳನ್ನು ಆರಂಭಿಸಿತು. ಪಟ್ಟಣದ ಓಣಿಗಳಲ್ಲಿ ಮಾತ್ರ ಆ ಭಾರವನ್ನು ಹೊರುತ್ತಿರುವವರು ಹೆಚ್ಚಾಗಿ ನಮ್ಮಂಥ ಮನೆಯವರೇ.

ಮೂವರ ಮೂರು ಬಗೆಯ ಹಸಿವು

ಒಂದೇ ವಯಸ್ಸಿನ ಹತ್ತು ಮಕ್ಕಳನ್ನು ಒಮ್ಮೆಗೇ ಕೂಡ್ರಿಸಿ ಊಟ ಮಾಡಿಸಬಹುದು, ಒಮ್ಮೆಗೇ ಮಲಗಿಸಬಹುದು. ವಯಸ್ಸು ಬೇರೆ ಬೇರೆಯಾದಾಗ ಹಾಗಾಗದು. ತೊಟ್ಟಿಲ ಕೂಸಿಗೆ ಗಡಿಯಾರವಿಲ್ಲ. ಹಸಿವಾದ ಕ್ಷಣವೇ ಅದರ ಊಟದ ವೇಳೆ. ಒಂದೂವರೆ ಎರಡು ವರ್ಷದ ಮಗುವಿಗೆ ನಡೆಯುವುದು, ಹತ್ತುವುದು, ಎಳೆಯುವುದು, ಸುರಿಯುವುದು ಇವೇ ಆಹಾರ. ‘ಇದು ನನ್ನದು’ ಎಂಬುದು ಅದು ಆಗತಾನೇ ಕಲಿತ ಮಾತು. ಮೂರರಿಂದ ಐದು ವರ್ಷದವರಿಗೆ ಮಾತು ಬೇಕು, ಕಥೆ ಬೇಕು, ಎಣಿಸಲು, ಜೋಡಿಸಲು ಏನಾದರೂ ಬೇಕು, ತಮ್ಮ ಪ್ರಶ್ನೆಗೆ ಉತ್ತರಿಸುವವರು ಬೇಕು.

ಮೊದಲ ವರ್ಷ ನಾವು ಶಾಲೆಯ ರೂಢಿಯಂತೆ ಗೋಡೆಗೆ ವೇಳಾಪಟ್ಟಿ ಅಂಟಿಸಿದೆವು. ಹತ್ತು ಗಂಟೆಗೆ ಕಥೆ, ಹನ್ನೊಂದಕ್ಕೆ ಚಿತ್ರ, ಹನ್ನೆರಡೂವರೆಗೆ ಊಟ. ಕಥೆ ಅರ್ಧವಾಗುವಷ್ಟರಲ್ಲಿ ಕೂಸು ಎದ್ದಿತು. ಚಿತ್ರದ ಬಣ್ಣ ತೆರೆಯುವಷ್ಟರಲ್ಲಿ ಬಟ್ಟೆ ಒದ್ದೆಯಾಯಿತು. ಪ್ರತಿಸಲವೂ ‘ಅಯ್ಯೋ, ಕೆಲಸ ಕೆಟ್ಟಿತಲ್ಲ’ ಎಂದು ಗಡಿಬಿಡಿಯಿಂದ ಕೂಸಿನ ಕಡೆಗೆ ಓಡಿದೆವು. ಬಟ್ಟೆ ಬದಲಿಸುವಾಗ ನಮ್ಮ ಕಣ್ಣು ದೊಡ್ಡ ಮಕ್ಕಳ ಮೇಲೆ, ಕಥೆ ಹೇಳುವಾಗ ನಮ್ಮ ಕಿವಿ ತೊಟ್ಟಿಲ ಕಡೆಗೆ. ಸಂಜೆಯಾಗುವಷ್ಟರಲ್ಲಿ ಯಾವ ಮಗುವಿಗೂ ನಾವು ಪೂರ್ತಿಯಾಗಿ ಸಿಕ್ಕಿರುತ್ತಿರಲಿಲ್ಲ. ಇದು ತಪ್ಪೆಂದು ನಮಗೆ ತಿಳಿಯಲು ಒಂದು ಕಹಿ ಘಟನೆಯೇ ನಡೆಯಬೇಕಾಯಿತು.

ಒಂದು ಪುಟಾಣಿ ಕಾಳಿನ ಪಾಠ

2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣ ಬಾಗಿಲು ಮುಚ್ಚಿದ ನಾವು ಮತ್ತೆ ತೆರೆದದ್ದು 2021ರ ಕೊನೆಗೆ. ಕಚೇರಿಗಳು ತೆರೆದಿದ್ದವು, ತಾಯಂದಿರು ಒಬ್ಬರಾದ ಮೇಲೊಬ್ಬರು ಬಂದು ಕೇಳಿಕೊಂಡರು. ಇಲ್ಲವೆನ್ನಲು ಮನಸ್ಸು ಒಪ್ಪಲಿಲ್ಲ; ನಿಜ ಹೇಳಬೇಕೆಂದರೆ, ತಿಂಗಳ ಆದಾಯವೂ ಬೇಕಾಗಿತ್ತು. 2022ರ ಮಳೆಗಾಲದ ಹೊತ್ತಿಗೆ ನಮ್ಮಲ್ಲಿ ಒಂಬತ್ತು ಮಕ್ಕಳಿದ್ದರು. ಅವರಲ್ಲಿ ಮೂವರು ಒಂದು ವರ್ಷದೊಳಗಿನವರು.

ಶ್ರಾವಣದ ಒಂದು ಮಧ್ಯಾಹ್ನ. ನಮ್ಮಲ್ಲಿ ಒಬ್ಬರು ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ತಂದವನಿಗೆ ಹಣ ಎಣಿಸಿ ಕೊಡುತ್ತಿದ್ದರು. ಇನ್ನೊಬ್ಬರು ಒಂದು ಕೂಸಿನ ಬಟ್ಟೆ ಬದಲಿಸುತ್ತಿದ್ದರು. ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ತನ್ನ ಡಬ್ಬಿಯಲ್ಲಿದ್ದ ಪುಟಾಣಿಯನ್ನು ಹತ್ತು ತಿಂಗಳ ಕೂಸಿನ ಬಾಯಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಬಂತು:

“ಆಯೀ, ಪಾಪು ಅಳಾಕ ಬಾಯಿ ತೆರದೈತಿ, ದನಿನ ಬರವಲ್ದು.”

ಉಸಿರುಗಟ್ಟಿದ ಕೂಸು ಚೀರುವುದಿಲ್ಲ. ಚೀರಲು ಅದಕ್ಕೆ ಗಾಳಿಯೇ ಇರುವುದಿಲ್ಲ. ಆ ಮಾತು ನಮಗೆ ಆ ದಿನ ತಿಳಿಯಿತು. ಮುಖ ಕಪ್ಪಿಡುತ್ತಿದ್ದ ಕೂಸನ್ನು ಮುಂಗೈ ಮೇಲೆ ಬೋರಲಾಗಿಸಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನ ಹಲಗೆಗಳ ನಡುವೆ ಅಂಗೈಯಿಂದ ಬಲವಾಗಿ ತಟ್ಟಿದೆವು. ಮೂರನೆಯ ಪೆಟ್ಟಿಗೆ ಕಾಳು ಹೊರಬಿತ್ತು. ಕೂಸು ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾವು ಅದಕ್ಕೆ ಮೊದಲು ಕೇಳಿರಲಿಲ್ಲ.

ಮೂಲೆಯಲ್ಲಿ ಆ ಹುಡುಗಿಯೂ ಬಿಕ್ಕುತ್ತಿದ್ದಳು. “ಅದಕ್ಕ ಹಸಿವಿ ಆಗಿತ್ತ, ಅದಕ್ಕ ಕೊಟ್ಟೆ” ಎಂದಳು. ಅವಳಲ್ಲಿ ಯಾವ ತಪ್ಪೂ ಇರಲಿಲ್ಲ. ಅವಳು ಮಾಡಿದ್ದು ಪ್ರೀತಿ. ತಪ್ಪು, ಒಂಬತ್ತು ಮಕ್ಕಳಿಗೆ ನಾಲ್ಕು ಕಣ್ಣು ಸಾಕೆಂದುಕೊಂಡ ನಮ್ಮದಾಗಿತ್ತು.

ಅಂದು ಸಂಜೆ ಎರಡೂ ಮಕ್ಕಳ ತಾಯಂದಿರಿಗೆ ನಡೆದದ್ದನ್ನು ನಡೆದಂತೆ ಹೇಳಿದೆವು. ಕೂಸಿನ ತಾಯಿ ಏನೂ ಮಾತಾಡದೆ ಎತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ, ಮತ್ತೊಂದು ದಿನವೂ ಬರಲಿಲ್ಲ. ಇನ್ನು ಬರಲಾರಳೆಂದು ನಾವು ಮನಸ್ಸಿನಲ್ಲಿಯೇ ಒಪ್ಪಿಕೊಂಡಿದ್ದೆವು. ಎಂಟು ದಿನಗಳ ನಂತರ ಬಂದು, ಕೂಸನ್ನು ನಮ್ಮ ಕೈಗಿತ್ತು, “ನೀವು ಮುಚ್ಚಿಡಲಿಲ್ಲ. ಅದಕ್ಕ ಕರಕೊಂಡು ಬಂದೇನ್ರೀ” ಎಂದಳು. ಅದೇ ತಿಂಗಳು ನಾವು ಮೂರು ಮನೆಯವರಿಗೆ ಬೇರೆ ಏರ್ಪಾಟು ಮಾಡಿಕೊಳ್ಳಲು ಕೈಮುಗಿದು ಕೇಳಿಕೊಂಡೆವು. ಅಂದಿನಿಂದ ನಮ್ಮಲ್ಲಿ ಆರೇ ಮಕ್ಕಳು. ಒಂದು ವರ್ಷದೊಳಗಿನವರು ಇಬ್ಬರಿಗಿಂತ ಹೆಚ್ಚಿಲ್ಲ. ಈ ಸಂಖ್ಯೆಯನ್ನು ನಿಶ್ಚಯಿಸಲು ನಾವು ಬಳಸಿದ ಅಳತೆ ಸರಳವಾದುದು: ಮನೆಗೆ ಬೆಂಕಿ ಬಿದ್ದರೆ ನಾವಿಬ್ಬರು ಒಂದೇ ಸಲಕ್ಕೆ ಎಷ್ಟು ಮಕ್ಕಳೊಂದಿಗೆ ಹೊರಬೀಳಬಲ್ಲೆವು? ಒಬ್ಬೊಬ್ಬರಿಗೆ ಕಂಕುಳಲ್ಲಿ ಒಂದು ಕೂಸು, ಕೈಹಿಡಿದು ಬರುವ ಒಂದು ಮಗು, ಹೇಳಿದರೆ ಸೆರಗು ಹಿಡಿದು ನಡೆಯುವ ಇನ್ನೊಂದು. ಆದಾಯ ಕಡಿಮೆಯಾಯಿತು, ರಾತ್ರಿ ನಿದ್ದೆ ಬರತೊಡಗಿತು.

ಹಲಗೆಯಾಚೆಯ ಆಟ

ಆ ಘಟನೆಯ ನಂತರ ಮನೆಯನ್ನು ನೆಲದ ಮೇಲೆ ಹರಿದಾಡುವ ಕೂಸಿನ ಕಣ್ಣಿನಿಂದ ನೋಡಿದೆವು. ನಿಜವಾಗಿಯೂ ಮೊಣಕಾಲೂರಿ ನೋಡಿದೆವು. ದೊಡ್ಡ ಮಕ್ಕಳು ಎಣಿಸಲು ಬಳಸುವ ಹುಣಸೆ ಬೀಜ, ಕವಡೆ, ಗುಂಡಿ, ಮಣಿ ಎಲ್ಲವೂ ಮಂಚದ ಕೆಳಗೆ, ಚಾಪೆಯ ಅಂಚಿನಲ್ಲಿ ಬಿದ್ದಿದ್ದವು. ಎಣಿಕೆ ಕಲಿಯುವ ಮಗುವಿನಿಂದ ಹುಣಸೆ ಬೀಜ ಕಿತ್ತುಕೊಳ್ಳುವುದೂ ಅನ್ಯಾಯ. ಕೂಸಿನ ಕೈಗೆ ಅದು ಸಿಗುವುದೂ ಅಪಾಯ. ಆದುದರಿಂದ ಪಡಸಾಲೆಗೆ ಹೊಂದಿದ ಕೋಣೆಯ ಹೊಸ್ತಿಲಿಗೆ ಮೊಣಕಾಲೆತ್ತರದ ಹಲಗೆ ಕೂಡ್ರಿಸಿದೆವು. ದೊಡ್ಡವರು ದಾಟಬಲ್ಲರು, ಅಂಬೆಗಾಲಿನವರು ದಾಟಲಾರರು. ಕಾಳು, ಬೀಜ, ಕತ್ತರಿ, ಮಣಿಗಳ ಆಟವೆಲ್ಲ ಹಲಗೆಯಾಚೆ. ಚೆಂಡು, ಬಟ್ಟೆಯ ಗೊಂಬೆ, ಕಟ್ಟಿಗೆಯ ದೊಡ್ಡ ತುಂಡುಗಳು ಈಚೆ. ಕೂಸಿನ ಬಾಯೊಳಗೆ ಹಿಡಿಯಬಹುದಾದ ಯಾವ ವಸ್ತುವೂ ಈಚೆ ಬರಕೂಡದು.

ಶೇಂಗಾ, ಪುಟಾಣಿ, ಇಡಿಯ ದ್ರಾಕ್ಷಿ, ಗಟ್ಟಿ ಪೆಪ್ಪರಮೆಂಟು ಇವುಗಳನ್ನು ನಾವು ಈಗ ಮನೆಯೊಳಗೇ ತರಿಸುವುದಿಲ್ಲ. ನಾಲ್ಕೈದು ವರ್ಷದವರೆಗೂ ಇವು ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಭಯವಿದೆ. ಮಕ್ಕಳನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಉಸಿರುಗಟ್ಟಿದಾಗ ಮಾಡುವ ಉಪಚಾರವನ್ನು ವೈದ್ಯರಿಂದ ಮುಂಚಿತವಾಗಿಯೇ ಕಲಿತಿರಬೇಕು. ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿ ನಿಂತರೆ ಬೋರಲಾಗಿಸಿ ಬೆನ್ನಿಗೆ ಐದು ಪೆಟ್ಟು, ಆಗಲೂ ಬಾರದಿದ್ದರೆ ಅಂಗಾತಲಾಗಿಸಿ ಎದೆಯ ನಡುವೆ ಐದು ಬಾರಿ ಒತ್ತುವುದು, ಹೀಗೆ ಒಂದರ ನಂತರ ಒಂದು. ಕಾಣದ ವಸ್ತುವನ್ನು ಹುಡುಕಲು ಗಂಟಲಿಗೆ ಬೆರಳು ಹಾಕಬಾರದು. ಅದು ಇನ್ನೂ ಒಳಗೆ ಸರಿಯುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಕೂಸಿನ ಹೊತ್ತು ಕೂಸಿಗೇ

ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಎಮ್ಮಿ ಪಿಕ್ಲರ್ ಎಂಬ ಮಕ್ಕಳ ವೈದ್ಯೆ 1946ರಲ್ಲಿ, ಎರಡನೆಯ ಮಹಾಯುದ್ಧದ ಬೆನ್ನಲ್ಲೇ, ಅನಾಥ ಶಿಶುಗಳಿಗಾಗಿ ಒಂದು ಮನೆಯನ್ನು ಆರಂಭಿಸಿದರು. ದಾದಿಯರು ಕೆಲವರು, ಕೂಸುಗಳು ಬಹಳ. ಅವರು ಕಂಡುಕೊಂಡ ಸೂತ್ರ ಇದು: ಹಾಲೂಡಿಸುವಾಗ, ಮೈತೊಳೆಯುವಾಗ, ಬಟ್ಟೆ ಬದಲಿಸುವಾಗ ಆ ಒಂದು ಕೂಸಿಗೆ ಅವಸರವಿಲ್ಲದೆ ಪೂರ್ತಿ ಗಮನ ಕೊಡಬೇಕು, ಎತ್ತುವ ಮೊದಲು ‘ಈಗ ಎತ್ತುತ್ತೇನೆ’ ಎಂದು ಹೇಳಬೇಕು, ಹಾಗೆ ಗಮನದಿಂದ ತಣಿದ ಕೂಸು ಉಳಿದ ಹೊತ್ತಿನಲ್ಲಿ ತಾನೇ ನೆಲದ ಮೇಲೆ ಹೊರಳಿ, ಮಗುಚಿ, ನೆಮ್ಮದಿಯಿಂದ ಆಡುತ್ತದೆ.

ಇದನ್ನು ಓದಿದಾಗ ನಮ್ಮ ತಪ್ಪು ನಮಗೆ ಕನ್ನಡಿಯಲ್ಲಿ ಕಂಡಂತಾಯಿತು. ಬಟ್ಟೆ ಬದಲಿಸುವುದು ಕೆಲಸಕ್ಕೆ ಅಡ್ಡಿಯಲ್ಲ, ಅದೇ ಕೆಲಸ. ಈಗ ನಮ್ಮಲ್ಲಿ ಒಬ್ಬರು ಕೂಸಿನೊಂದಿಗೆ ಕುಳಿತರೆ ಇನ್ನೊಬ್ಬರು ಉಳಿದ ಮಕ್ಕಳ ಕಡೆಗೆ ಮುಖ ಮಾಡಿರುತ್ತಾರೆ. ಆ ಹೊತ್ತಿನಲ್ಲಿ ಬಾಗಿಲು ಬಡಿದರೂ ತೆರೆಯುವುದಿಲ್ಲ, ಫೋನ್ ಬಾರಿಸಿದರೂ ಎತ್ತುವುದಿಲ್ಲ. ಗೋಡೆಯ ವೇಳಾಪಟ್ಟಿಯನ್ನು ಹರಿದು ಹಾಕಿದೆವು. ಗಂಟೆಗಳ ಬದಲು ಕ್ರಮವನ್ನು ಇಟ್ಟುಕೊಂಡೆವು: ಹೊರಗಿನ ಆಟ, ಕೈಕಾಲು ತೊಳೆಯುವುದು, ಊಟ, ಕಥೆ, ನಿದ್ದೆ. ಎಷ್ಟು ಹೊತ್ತಿಗೆ ಎಂಬುದು ಆಯಾ ದಿನ ಕೂಸುಗಳೇ ನಿರ್ಧರಿಸುವ ಮಾತು. ಕ್ರಮ ತಪ್ಪದಿದ್ದರೆ ದೊಡ್ಡ ಮಕ್ಕಳು ವೇಳೆಯ ವ್ಯತ್ಯಾಸವನ್ನು ಸಹಿಸುತ್ತಾರೆ.

ಅಳದಿದ್ದರೆ ತಾಯಿಯೂ ಹಾಲೂಡಳು ಎಂಬ ಮಾತುಂಟು. ಹಲವು ಮಕ್ಕಳಿರುವ ಮನೆಯಲ್ಲಿ ಇದು ಎಚ್ಚರಿಕೆಯ ಮಾತೂ ಹೌದು. ಅಳುವ ಕೂಸಿಗೆ ಎಲ್ಲರೂ ಓಡುತ್ತಾರೆ. ಸುಮ್ಮನೆ ಮಲಗಿ ಸೂರು ನೋಡುವ ಕೂಸನ್ನು ‘ಬಹಳ ಜಾಣ’ ಎಂದು ಹೊಗಳಿ ಮರೆಯುತ್ತಾರೆ. ಅದಕ್ಕಾಗಿ ಪ್ರತಿ ಕೂಸಿಗೂ ಒಂದೊಂದು ನೋಟುಪುಸ್ತಕ ಇಟ್ಟಿದ್ದೇವೆ. ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಸಲ ಬಟ್ಟೆ ಬದಲಾಯಿತು ಎಂಬುದರ ಜೊತೆಗೆ, ಎಷ್ಟು ಸಲ ಅದನ್ನು ಎತ್ತಿಕೊಂಡು ಮಾತಾಡಿಸಿದೆವು ಎಂಬುದನ್ನೂ ಬರೆಯುತ್ತೇವೆ. ಆ ಕೊನೆಯ ಕಲಮು ಬರಿದಾಗಿ ಕಂಡರೆ ನಮಗೆ ನಾಚಿಕೆಯಾಗಬೇಕು.

ಹಾಲು, ಊಟ, ನಿದ್ದೆ

ತಾಯಂದಿರು ಎದೆಹಾಲನ್ನು ಹಿಂಡಿ, ಕುದಿಸಿ ತೊಳೆದ ಮುಚ್ಚಳದ ಡಬ್ಬಿಯಲ್ಲಿ ಕೂಸಿನ ಹೆಸರು, ವೇಳೆ ಬರೆದು ತಂದುಕೊಡುತ್ತಾರೆ. ಹೊರಗಿಟ್ಟ ಹಾಲನ್ನು ನಾಲ್ಕು ಗಂಟೆಯೊಳಗೆ ಬಳಸಬೇಕು. ಬೇಸಿಗೆಯಲ್ಲಿ ನಾವು ಬಂದ ಕೂಡಲೇ ತಂಪು ಪೆಟ್ಟಿಗೆಯ ಒಳಭಾಗದಲ್ಲಿ ಇಟ್ಟು ಅಂದೇ ಮುಗಿಸುತ್ತೇವೆ. ಒಲೆಯ ಮೇಲೆ ಕಾಯಿಸದೆ, ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ನಮ್ಮ ಅಜ್ಜಿಯರ ಕಾಲದ ಒಳಲೆಯಿಂದಲೋ ಚಮಚದಿಂದಲೋ ಕುಡಿಸುತ್ತೇವೆ. ಬಾಟಲಿಯ ಸಂದಿನಲ್ಲಿ ಕೂಡುವ ಕೊಳೆ ಒಳಲೆಯಲ್ಲಿ ಕೂಡುವುದಿಲ್ಲ. ಕುಡಿದು ಉಳಿದದ್ದನ್ನು ಇಟ್ಟುಕೊಳ್ಳದೆ ಚೆಲ್ಲುತ್ತೇವೆ.

ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ, ಚೆನ್ನಾಗಿ ಬೆಂದು ನುರಿದ ಅನ್ನ ಬೇಳೆ, ಕಿವುಚಿದ ಬಾಳೆಹಣ್ಣು, ಬೇಯಿಸಿದ ಗಜ್ಜರಿ, ಬರಬರುತ್ತ ಹಾಲಿನಲ್ಲಿ ನೆನೆದ ಮೆತ್ತನೆಯ ರೊಟ್ಟಿ. ಬರಿಯ ಬೇಳೆಕಟ್ಟಿನ ನೀರಿನಿಂದ ಹೊಟ್ಟೆ ತುಂಬಬಹುದು, ಮೈ ತುಂಬುವುದಿಲ್ಲ; ಚಮಚದಿಂದ ಜಾರದಷ್ಟು ಗಟ್ಟಿಯಾಗಿರಬೇಕು. ಜೇನುತುಪ್ಪವನ್ನು ಮಾತ್ರ ಒಂದು ವರ್ಷದವರೆಗೆ ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸಬಲ್ಲದು. ‘ನಾವೆಲ್ಲ ಜೇನು ನೆಕ್ಕಿಯೇ ಬೆಳೆದವರು’ ಎನ್ನುವ ಹಿರಿಯರಿಗೆ ಗೌರವದಿಂದಲೇ ಇದನ್ನು ತಿಳಿಸಬೇಕು.

ನಿದ್ದೆಯ ವಿಷಯದಲ್ಲಿ ನಾವು ನಮ್ಮ ಪ್ರೀತಿಯ ಕೌದಿಯನ್ನೇ ದೂರವಿಡಬೇಕಾಯಿತು. ಒಂದು ವರ್ಷದೊಳಗಿನ ಕೂಸನ್ನು ಅಂಗಾತ, ಸಮತಟ್ಟಾದ, ತೀರ ಮೆತ್ತಗಿಲ್ಲದ ಹಾಸಿಗೆಯ ಮೇಲೆ ಮಲಗಿಸಬೇಕು. ತಲೆದಿಂಬು, ಗೊಂಬೆ, ಮಡಿಸಿದ ದಪ್ಪ ಕೌದಿ ಪಕ್ಕದಲ್ಲಿರಬಾರದು; ಮುಖಕ್ಕೆ ಬಟ್ಟೆ ಹೊದಿಸಬಾರದು. ಸೀರೆಯ ಜೋಳಿಗೆ ಕಟ್ಟುವುದನ್ನೂ ಬಿಟ್ಟೆವು. ಅದರೊಳಗೆ ಕೂಸಿನ ಕೊರಳು ಬಾಗಿ ಉಸಿರಿಗೆ ತೊಡಕಾಗಬಹುದು. ಎರಡು ವರ್ಷದವರು ಅದನ್ನು ಉಯ್ಯಾಲೆಯೆಂದು ಜೋರಾಗಿ ಜಗ್ಗುತ್ತಾರೆ. ದೊಡ್ಡವರು ಆಡುತ್ತಿರುವಾಗ ಮಲಗಿದ ಕೂಸಿನ ಬಳಿ ನಮ್ಮಲ್ಲೊಬ್ಬರ ದೃಷ್ಟಿ ಇದ್ದೇ ಇರುತ್ತದೆ.

ಇನ್ನು ರೋಗದ ಮಾತು. ಮೂರು ವಯಸ್ಸಿನವರು ಕೂಡಿದಲ್ಲಿ ದೊಡ್ಡವರ ನೆಗಡಿ ಚಿಕ್ಕವರಿಗೆ ದೊಡ್ಡ ಬೇನೆಯಾಗುತ್ತದೆ. ದಡಾರ ರುಬೆಲ್ಲಾ ಲಸಿಕೆಯ ಮೊದಲ ಸೂಜಿ ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಕೂಸಿಗೆ ಲಸಿಕೆಯ ರಕ್ಷಣೆಯಿಲ್ಲ. ಅದರ ಸುತ್ತಲಿನ ದೊಡ್ಡ ಮಕ್ಕಳು ಲಸಿಕೆ ಹಾಕಿಸಿಕೊಂಡಿರುವುದೇ ಅದಕ್ಕೆ ಬೇಲಿ. ಆದ್ದರಿಂದ ಲಸಿಕೆಯ ಕಾರ್ಡ್ ನೋಡದೆ ನಾವು ಯಾವ ಮಗುವನ್ನೂ ಸೇರಿಸಿಕೊಳ್ಳುವುದಿಲ್ಲ. ಬಟ್ಟೆ ಬದಲಿಸುವ ಜಾಗ ಅಡುಗೆಮನೆಯಿಂದ ದೂರವಿದೆ. ಪ್ರತಿಸಲವೂ ಸಾಬೂನಿನಿಂದ ಕೈ ತೊಳೆಯುವುದನ್ನು ಬೇಸರವಿಲ್ಲದೆ ಪಾಲಿಸುತ್ತೇವೆ.

ಎರಡು ವರ್ಷದ ಮುನಿಸು

ಹೊಸ ಕೂಸು ಬಂದ ವಾರ ಅತಿ ಹೆಚ್ಚು ನೋಯುವುದು ಅದಕ್ಕಿಂತ ಸ್ವಲ್ಪವೇ ದೊಡ್ಡ ಮಗು. ನಿನ್ನೆಯವರೆಗೆ ಮಡಿಲು ಅದರದಾಗಿತ್ತು. ಎರಡು ವರ್ಷದ ಹುಡುಗನೊಬ್ಬ ಕೂಸಿನ ಕೈ ಕಚ್ಚಿದ. ಗದರಿಸಿದೆವು, ಮತ್ತೆ ಕಚ್ಚಿದ. ಮೂರನೆಯ ದಿನ ಅವನೇ ಹೋಗಿ ತೊಟ್ಟಿಲ ಪಕ್ಕದಲ್ಲಿ ಕೈಕಾಲು ಮುದುಡಿ ಮಲಗಿ, “ನಾನೂ ಪಾಪು” ಎಂದ. ಆಗ ನಮಗೆ ಅರ್ಥವಾಯಿತು. ಅವನನ್ನೂ ಮಡಿಲಲ್ಲಿ ಮಲಗಿಸಿಕೊಂಡು, ಅವನ ಪಾದ ಒತ್ತಿ, ಒಳಲೆಯಿಂದ ಎರಡು ಗುಟುಕು ಆಕಳ ಹಾಲು ಕುಡಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಅವನಿಗೇ ಸಾಕಾಗಿ ಚೆಂಡಿನತ್ತ ಓಡಿದ. ಕಚ್ಚುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ತಿಂಗಳೊಂದರಲ್ಲಿ ನಿಂತಿತು. ಈ ವಯಸ್ಸಿನಲ್ಲಿ ಕಚ್ಚುವುದು ಕೆಟ್ಟತನವಲ್ಲ, ಮಾತಿನ ಕೊರತೆ. ತಡೆಯಬೇಕು, ‘ನೋಯುತ್ತದೆ’ ಎಂದು ಗಟ್ಟಿಯಾಗಿ ಹೇಳಬೇಕು, ಮೊದಲು ನೊಂದ ಕೂಸನ್ನು ಎತ್ತಿಕೊಳ್ಳಬೇಕು. ಬಳಿಕ ಕಚ್ಚಿದವನನ್ನೂ ಮರೆಯಬಾರದು.

ಕೊಡಬಾರದು, ಕರೆಯಬೇಕು

ಪುಟಾಣಿಯ ಘಟನೆಯ ನಂತರ ಕೆಲವು ದಿನ ನಾವು ದೊಡ್ಡ ಮಕ್ಕಳನ್ನು ಕೂಸುಗಳ ಹತ್ತಿರ ಸುಳಿಯಗೊಡಲಿಲ್ಲ. ಅದರ ಫಲ ಕಣ್ಣೆದುರಿಗೇ ಇತ್ತು. ಮಕ್ಕಳು ಕೂಸನ್ನು ಕಂಡರೆ ಹೆದರಿ ಸರಿಯತೊಡಗಿದರು. ಆ ಹುಡುಗಿಯಂತೂ ತೊಟ್ಟಿಲ ಕಡೆಗೆ ನೋಡುವುದನ್ನೇ ಬಿಟ್ಟಳು.

ಆಗ ನಮಗೆ ನೆನಪಾದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಈ ಇಬ್ಬರು ಇಂದಿನ ಪಾಲ್ಘರ್ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡವರ ಮಕ್ಕಳಿಗಾಗಿ ಶಿಶುಶಿಕ್ಷಣವನ್ನು ಆರಂಭಿಸಿದರು. ಮುಂದೆ ಹತ್ತಿರದ ಕೋಸಬಾಡ್ ಗುಡ್ಡಕ್ಕೆ ಹೋಗಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ತಮ್ಮ ತಂಗಿಯರನ್ನು ಹೊತ್ತ ಹುಡುಗಿಯರು ಶಾಲೆಗೆ ಬರಲಾರರೆಂಬುದನ್ನು ಕಂಡು, ಕೂಸುಗಳ ತೊಟ್ಟಿಲುಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಸೂರಿನ ಕೆಳಗೆ ತಂದರು. ಕೂಸು ಅಕ್ಕನ ಕಣ್ಣಳತೆಯಲ್ಲಿಯೇ ಇರುತ್ತದೆ, ಆದರೆ ಅಕ್ಕನ ಸೊಂಟದ ಮೇಲಲ್ಲ. ನಮ್ಮ ಲೇಖನದ ಆರಂಭದಲ್ಲಿ ಶಾಲೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಅವರು ಕೊಟ್ಟ ಉತ್ತರ ಇದು.

ನಾವೂ ಆ ಎಳೆಯನ್ನೇ ಹಿಡಿದೆವು. ದೊಡ್ಡ ಮಕ್ಕಳು ಕೂಸಿನ ಹೊಣೆ ಹೊರಬಾರದು. ಆದರೆ ಕೂಸಿನ ಬಂಧುಗಳಾಗಿರಬೇಕು. ಒಗೆದ ಬಟ್ಟೆ ತಂದುಕೊಡುವುದು, ಬಟ್ಟೆ ಬದಲಿಸುವಾಗ ಎದುರು ಕುಳಿತು ಮಾತಾಡಿಸುವುದು, ನಗಿಸುವುದು, ಹಾಡುವುದು, ಅಳು ಯಾವುದರದೆಂದು ಊಹಿಸುವುದು ಅವರ ಪಾಲು. ಎತ್ತುವುದು, ತಿನ್ನಿಸುವುದು, ತೂಗುವುದು ನಮ್ಮ ಪಾಲು. ಅವರಿಗೆ ಒಂದೇ ನಿಯಮವನ್ನು ಕಲಿಸಿದ್ದೇವೆ: ‘ಕೂಸಿಗೆ ಏನು ಬೇಕೆನಿಸಿದರೂ ಕೊಡಬಾರದು, ಕರೆಯಬೇಕು.’ ಅಂದು ಕೂಸನ್ನು ಉಳಿಸಿದ್ದು ನಮ್ಮ ಕೈಯಲ್ಲ, ಆ ಹುಡುಗಿಯ ಕೂಗು ಎಂದು ಅವಳಿಗೆ ಹೇಳಿದೆವು. ಅವಳು ಮರುದಿನದಿಂದ ತೊಟ್ಟಿಲ ಪಕ್ಕಕ್ಕೆ ಮರಳಿದಳು. ಈಗ ಅವಳು ದೊಡ್ಡ ಶಾಲೆಗೆ ಹೋಗುತ್ತಾಳೆ, ದಾರಿಯಲ್ಲಿ ಬಾಗಿಲಿಗೆ ಬಂದು “ಆಯೀ, ಪಾಪು ಏನ ಮಾಡಾಕತ್ತೈತಿ?” ಎಂದು ಕೇಳಿಯೇ ಮುಂದೆ ಹೋಗುತ್ತಾಳೆ. ಕಾಯುವುದನ್ನು, ಮೆಲ್ಲಗೆ ಮಾತಾಡುವುದನ್ನು, ತನಗಿಂತ ದುರ್ಬಲರ ಮುಖ ನೋಡಿ ಅವರ ಬೇಗೆಯನ್ನು ಅರಿಯುವುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸುಲಭವಾಗಿ ಕಲಿಸಲಾರದು.

ತಾಯಿಯ ಪಾಲು ತಾಯಿಗೆ

ಕೊನೆಯದಾಗಿ ತಾಯಂದಿರ ಕುರಿತು ಒಂದು ಮಾತು. ಎಂಟು ತಿಂಗಳ ಸುಮಾರಿಗೆ ಕೂಸು ಪರಿಚಿತರನ್ನೂ ಪರಕೀಯರನ್ನೂ ಬೇರ್ಪಡಿಸಿ ನೋಡತೊಡಗುತ್ತದೆ; ತಾಯಿ ಬಿಟ್ಟುಹೋಗುವಾಗ ಅಳುವುದು ಆಗ ಹೆಚ್ಚು. ಕದ್ದು ಹೋಗಬೇಡಿರಿ ಎಂದು ನಾವು ತಾಯಂದಿರನ್ನು ಬೇಡುತ್ತೇವೆ. ಮುಖ ತೋರಿಸಿ, ‘ಸಂಜೆ ಬರುತ್ತೇನೆ’ ಎಂದು ಹೇಳಿ ಹೋದ ತಾಯಿಯ ಕೂಸು ಆ ಕ್ಷಣ ಅತ್ತರೂ ನಂಬಿಕೆಯನ್ನು ಕಳೆದುಕೊಳ್ಳುವುದಿಲ್ಲ. ಸೇರಿಸುವ ಮೊದಲ ವಾರ ತಾಯಿಯೂ ಒಂದೆರಡು ಗಂಟೆ ನಮ್ಮ ಪಡಸಾಲೆಯಲ್ಲಿ ಕುಳಿತು ಹೋದರೆ ಮಗುವಿಗೆ ಈ ಮನೆ ತಾಯಿ ಕಂಡ ಮನೆಯಾಗುತ್ತದೆ.

ಒಮ್ಮೆ ಒಂದು ಕೂಸು ನಮ್ಮೆದುರಿಗೆ ಮೊದಲ ಹೆಜ್ಜೆ ಇಟ್ಟಿತು. ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟಿದರು. ಸಂಜೆ ಹಿಗ್ಗಿನಿಂದ ತಾಯಿಗೆ ಹೇಳಿದೆವು. ಅವಳು ನಕ್ಕಳು, ಬಾಗಿಲು ದಾಟುವಾಗ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಮಗೆ ಕಂಡಿತು. ಆ ರಾತ್ರಿ ನಮ್ಮಿಬ್ಬರಲ್ಲಿ ವಾದ ನಡೆಯಿತು. ಇನ್ನು ಮುಂದೆ ಇಂಥದನ್ನು ಹೇಳದಿರುವುದೇ ಲೇಸೆಂದು ಒಬ್ಬರು. ಮುಚ್ಚಿಡುವ ಅಭ್ಯಾಸ ಒಳ್ಳೆಯದರಿಂದ ಆರಂಭವಾದರೂ ಒಳ್ಳೆಯದರಲ್ಲಿ ಮುಗಿಯುವುದಿಲ್ಲವೆಂದು ಇನ್ನೊಬ್ಬರು. ಕೊನೆಗೆ ಒಂದು ದಾರಿ ಕಂಡಿತು. ಕೂಸು ಗೋಡೆ ಬಿಟ್ಟು ನಿಲ್ಲತೊಡಗಿದ ದಿನದಿಂದಲೇ ತಾಯಿಗೆ ಹೇಳುತ್ತೇವೆ: “ಇನ್ನೇನು ನಡೆಯುವ ಹಾಗೆ ಕಾಣುತ್ತದೆ. ಮನೆಗೆ ಹೋದ ಮೇಲೆ ನೆಲದ ಮೇಲೆ ಬಿಟ್ಟು, ಎರಡು ಮಾರು ದೂರ ಕುಳಿತು ಕೈಚಾಚಿರಿ. ಫೋನ್ ಒಳಗಿಡಿರಿ.”

ಈ ವರ್ಷದ ಯುಗಾದಿಗೆ ಮುನ್ನ ಒಬ್ಬ ತಾಯಿ ಬೆಳಗಿನ ಎಂಟು ಗಂಟೆಗೇ ಬಾಗಿಲು ತಟ್ಟಿದಳು. ಒಳಗೆ ಬರುವ ಮೊದಲೇ ಕೂಸನ್ನು ಹೊಸ್ತಿಲ ಬಳಿ ಇಳಿಸಿ, “ನಿನ್ನೆ ರಾತ್ರಿ ನಡೀತ್ರೀ ಆಯಿ, ನನ್ನ ಕಡೆ ಮೂರು ಹೆಜ್ಜಿ” ಎಂದಳು. ನಾವು ಎರಡು ದಿನಗಳಿಂದ ಕೂಸು ನಿಂತ ಕಡೆಯೆಲ್ಲ ಕಣ್ಣಿಟ್ಟು ಕಾಯುತ್ತಿದ್ದೆವು; ನಮಗಿಂತ ಮೊದಲು ಅವಳಿಗೆ ಕಂಡಿತ್ತು. ಪರರ ಮಕ್ಕಳನ್ನು ಸಾಕುವ ಮನೆಯವರು ಅಪೇಕ್ಷಿಸ ಬೇಕಾದದ್ದು ಇಷ್ಟೇ. ಮಕ್ಕಳು ನಮ್ಮ ಪಡಸಾಲೆಯಲ್ಲಿ ಸುರಕ್ಷಿತವಾಗಿ ಬೆಳೆಯಲಿ. ಅವರ ಮೊದಲ ಹೆಜ್ಜೆಗಳು ಮಾತ್ರ ಅವರವರ ತಾಯಂದಿರ ಕಡೆಗೇ ಸಾಗಲಿ.

ಇಂಥ ಮನೆಯೊಂದನ್ನು ತೆರೆಯಬೇಕೆಂದಿರುವ ಸಹೋದರಿಯರೇ, ಜಾಗ ಎಷ್ಟಿದೆ ಎಂದು ಮೊದಲು ಅಳೆಯಬೇಡಿರಿ. ನಿಮ್ಮ ಗಮನ ಎಷ್ಟು ಮಕ್ಕಳಿಗೆ ಸಾಕಾದೀತೆಂದು ಅಳೆಯಿರಿ. ಆ ಸಂಖ್ಯೆ ಚಿಕ್ಕದೆನಿಸಿದರೆ ನಾಚಬೇಕಾಗಿಲ್ಲ.